ಪಿತ್ತದ ಗಂಧೆ, ಆಟಿಸಂ ಮತ್ತು ನಮ್ಮ ಬಿಸಿಲು: ಬಟ್ಟೆ, ತಂಪು, ಮಾತ್ರೆಗಳಲ್ಲಿ ಯಾವುದು ಯಾರಿಗೆ?

ರಾಯಚೂರು, ಬಳ್ಳಾರಿ, ಕೊಪ್ಪಳಗಳಲ್ಲಿ ಏಪ್ರಿಲ್, ಮೇ ತಿಂಗಳುಗಳ ಉಷ್ಣಾಂಶ 40 ಡಿಗ್ರಿ ದಾಟುವುದು ವರ್ಷವರ್ಷದ ಮಾತು. ಈ ಬಿಸಿಲಿನಲ್ಲಿ ಮೈಮೇಲೆ ಪಿತ್ತದ ಗಂಧೆ ಏಳುವವರಿಗೆ ಸಲಹೆ ಕೊಡುವವರು ಮನೆಮನೆಯಲ್ಲಿಯೂ ಇದ್ದಾರೆ. ಹತ್ತಿ ಬಟ್ಟೆ ತೊಡಿ, ಕ್ಯಾಲಮೈನ್ ಹಚ್ಚಿ, ಸೆಟ್ರಿಜಿನ್ ನುಂಗಿ, ಬದನೆಕಾಯಿ ಬಿಡಿ ಎನ್ನುತ್ತಾರೆ. ಆಟಿಸಂ ಇರುವವರ ವಿಷಯದಲ್ಲಿ ಈ ಸಲಹೆಗಳಲ್ಲಿ ಅರ್ಧಕ್ಕರ್ಧ ನಡೆಯುವುದಿಲ್ಲ. ಹೊಸ ಹತ್ತಿ ಅಂಗಿಯ ಒರಟು, ಕ್ಯಾಲಮೈನ್ ಒಣಗುವಾಗ ಚರ್ಮವನ್ನು ಬಿಗಿಯುವ ರೀತಿ, ಸಿರಪ್ಪಿನ ವಾಸನೆ, ಇವು ಗಂಧೆಯ ತುರಿಕೆಗಿಂತಲೂ ಹೆಚ್ಚು ಹಿಂಸೆ ಕೊಡಬಲ್ಲವು. ನನಗೆ ಆಟಿಸಂ ಇದೆ, ಗಂಧೆಯೂ ಇದೆ, ವಾಸ ರಾಯಚೂರಿನಲ್ಲಿ. ನನ್ನಂಥ ವಯಸ್ಕರಿಗೂ ಇಂಥ ಮಕ್ಕಳನ್ನು ಬೆಳೆಸುತ್ತಿರುವ ತಂದೆತಾಯಿಗಳಿಗೂ ಆಯ್ಕೆ ಮಾಡಿಕೊಳ್ಳಲು ಅನುಕೂಲವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಚರ್ಮಕ್ಕೆ ಅತ್ಯುತ್ತಮ ಎನ್ನಿಸಿಕೊಂಡದ್ದನ್ನು ಬಲವಂತದಿಂದ ಬಳಸುವುದಕ್ಕಿಂತ, ಆ ವ್ಯಕ್ತಿ ದಿನವೂ ತಾಳಿಕೊಳ್ಳಬಲ್ಲ ಮತ್ತು ನಮ್ಮ ಊರಿನಲ್ಲಿ ಮತ್ತೆ ಮತ್ತೆ ಅದೇ ರೂಪದಲ್ಲಿ ಸಿಗುವ ಎರಡನೆಯ ದರ್ಜೆಯ ಆಯ್ಕೆಯೇ ಮೇಲು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಯಾವುದರಿಂದ ಅಳೆಯಬೇಕು

ಮೊದಲ ಅಳತೆ ಚರ್ಮದ್ದು. ಒಂದು ವಸ್ತು ಬಿಸಿ, ಬೆವರು, ಉಜ್ಜಾಟ, ಒತ್ತಡ ಇವುಗಳಲ್ಲಿ ಯಾವುದನ್ನು ಹೆಚ್ಚಿಸುತ್ತದೆ, ಯಾವುದನ್ನು ತಗ್ಗಿಸುತ್ತದೆ ಎಂದು ನೋಡಬೇಕು.

ಎರಡನೆಯದು ಇಂದ್ರಿಯಗಳದ್ದು. ಸ್ಪರ್ಶ, ಶಬ್ದ, ವಾಸನೆಗಳಿಗೆ ಅತಿಯಾಗಿ ಅಥವಾ ತೀರ ಕಡಿಮೆಯಾಗಿ ಸ್ಪಂದಿಸುವುದು ಆಟಿಸಂನ ಲಕ್ಷಣಗಳಲ್ಲಿ ಒಂದೆಂದು ಅಮೆರಿಕದ ಮನೋವೈದ್ಯರ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ 2013ರಲ್ಲಿಯೇ ಸೇರಿಸಿಕೊಂಡಿದೆ. ಆದ್ದರಿಂದ ‘ಚುಚ್ಚುತ್ತದೆ’ ಎಂದು ಅಂಗಿ ಕಿತ್ತೆಸೆಯುವ ಮಗುವಿನದು ಹಟವಲ್ಲ. ಇದರ ಇನ್ನೊಂದು ಮುಖವೂ ಇದೆ. ನಮ್ಮಲ್ಲಿ ಹಲವರಿಗೆ ಮೈಯೊಳಗಿನ ಸುದ್ದಿ ತಡವಾಗಿ ತಲುಪುತ್ತದೆ. ಮೈ ಬಿಸಿಯಾಗಿರುವುದು, ಬಾಯಾರಿರುವುದು, ತುರಿಕೆ ಶುರುವಾಗಿರುವುದು ಇವೆಲ್ಲ ಸಿಡಿಮಿಡಿಯಾಗಿ ಹೊರಬಿದ್ದ ಮೇಲೆಯೇ ಗೊತ್ತಾಗುತ್ತವೆ.

ಮೂರನೆಯದು ಸ್ಥಿರತೆ. ಒಮ್ಮೆ ಒಗ್ಗಿದ ಬನಿಯನ್ನು, ಸಾಬೂನು, ಮಾತ್ರೆ ಮುಂದಿನ ತಿಂಗಳು ಸಿಗದೆ ಹೋದರೆ, ಅದರ ಬದಲಿಗೆ ಬಂದದ್ದು ಎಷ್ಟೇ ಒಳ್ಳೆಯದಾದರೂ ಒಂದು ವಾರದ ನೆಮ್ಮದಿ ಹೋಗುತ್ತದೆ. ನಾಲ್ಕನೆಯದು ಖರ್ಚು. ಅದರೊಂದಿಗೆ ಮನೆಯ ನೀರಿನ ಗುಣವನ್ನೂ ಕರೆಂಟನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೊದಲು ಯಾವ ಗಂಧೆ ಎಂದು ತಿಳಿಯಿರಿ

ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಹೊರಬಿಟ್ಟಾಗ ಗಂಧೆ ಏಳುತ್ತದೆ. ಒಂದು ದದ್ದು ಒಂದೇ ಜಾಗದಲ್ಲಿ ಸಾಮಾನ್ಯವಾಗಿ 24 ಗಂಟೆಗಿಂತ ಹೆಚ್ಚು ಹೊತ್ತು ನಿಲ್ಲದೆ, ಕಲೆ ಬಿಡದೆ ಅಡಗಿ, ಇನ್ನೊಂದು ಕಡೆ ಏಳುವುದು ಇದರ ಗುರುತು. ಬೆವರುಸಾಲೆಯಾದರೆ ಅದೇ ಜಾಗದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಕಜ್ಜಿಯಾದರೆ ರಾತ್ರಿ ಹೆಚ್ಚು ಕೆರೆಯುತ್ತದೆ, ಬೆರಳುಗಳ ಸಂದಿಯಲ್ಲಿ ಕಾಣಿಸುತ್ತದೆ, ಮನೆಯ ಉಳಿದವರಿಗೂ ಅಂಟುತ್ತದೆ. ಗಂಧೆ ಆರು ವಾರಗಳೊಳಗೆ ನಿಂತರೆ ಅಲ್ಪಕಾಲದ್ದು, ಅದನ್ನು ದಾಟಿ ಬಂದುಹೋಗಿ ಮಾಡುತ್ತಿದ್ದರೆ ದೀರ್ಘಕಾಲದ್ದು ಎಂದು ವೈದ್ಯರು ಎಣಿಸುತ್ತಾರೆ.

ದೀರ್ಘಕಾಲದ ಗಂಧೆಯಲ್ಲಿ ಯಾವ ಕಾರಣವೂ ಕಾಣದೆ ಏಳುವಂಥದ್ದು ಬಹಳ. ಹೊರಗಿನ ಪ್ರಚೋದನೆಯಿಂದ ಏಳುವ ಬಗೆಗಳಲ್ಲಿ ನಾಲ್ಕನ್ನು ಇಲ್ಲಿ ಬೇರ್ಪಡಿಸಿ ನೋಡಬೇಕು, ಏಕೆಂದರೆ ಮುಂದಿನ ಆಯ್ಕೆಗಳೆಲ್ಲ ಇವುಗಳ ಮೇಲೆ ನಿಂತಿವೆ. ಗೀರಿದರೆ ಏಳುವುದು ಒಂದು ಬಗೆ. ಪೆನ್ನಿನ ಮೊಂಡು ತುದಿಯಿಂದ ಮುಂಗೈಮೇಲೆ ಗೆರೆ ಎಳೆದರೆ ಹತ್ತು ನಿಮಿಷದೊಳಗೆ ಆ ಗೆರೆ ಹಗ್ಗದ ಹಾಗೆ ಉಬ್ಬುತ್ತದೆ. ಕೈ ಉಜ್ಜಿಕೊಂಡು, ಕೆರೆದುಕೊಂಡು ಮನಸ್ಸನ್ನು ಹದಕ್ಕೆ ತಂದುಕೊಳ್ಳುವ ಅಭ್ಯಾಸ ಇರುವವರಿಗೆ ಈ ಬಗೆ ತುಂಬ ಕಾಟ ಕೊಡುತ್ತದೆ. ಮೈ ಬಿಸಿಯಾಗಿ ಬೆವರಿದಾಗ ಏಳುವುದು ಎರಡನೆಯ ಬಗೆ. ಒಂದರಿಂದ ಮೂರು ಮಿಲಿಮೀಟರಿನ ಸಣ್ಣ ಸಣ್ಣ ಉಬ್ಬುಗಳು ಏಳುತ್ತವೆ, ಓಡಾಟ, ಬಿಸಿನೀರು, ಖಾರ, ಸಿಟ್ಟು, ಗಾಬರಿ ಎಲ್ಲವೂ ಇದಕ್ಕೆ ನೆಪ. ಒತ್ತಡದಿಂದ ಏಳುವುದು ಮೂರನೆಯದು. ಬಿಗಿಯಾದ ಸೊಂಟಪಟ್ಟಿ, ಚೀಲದ ಪಟ್ಟಿ, ಬಹಳ ಹೊತ್ತು ನಿಂತ ಅಂಗಾಲು, ಇಂಥ ಕಡೆ ನಾಲ್ಕಾರು ಗಂಟೆಗಳ ನಂತರ ನೋವಿನ ಊತ ಬರುತ್ತದೆ, ಮತ್ತು ಇದು ಒಂದು ದಿನಕ್ಕಿಂತ ಹೆಚ್ಚೂ ಉಳಿಯಬಹುದು. ನಾಲ್ಕನೆಯದು ತಂಪು ತಾಗಿದರೆ ಏಳುವಂಥದ್ದು. ಇದು ಇದೆ ಎಂಬ ಅನುಮಾನವಿದ್ದರೆ ಮನೆಯಲ್ಲಿ ಐಸ್ ಇಟ್ಟು ಪರೀಕ್ಷಿಸದೆ ವೈದ್ಯರ ಎದುರಿಗೇ ಮಾಡಿಸಬೇಕು.

ಗಂಧೆಯೊಂದಿಗೆ ನಾಲಿಗೆ ಅಥವಾ ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ, ದನಿ ಬದಲಾದರೆ, ತಲೆ ಸುತ್ತಿ ಬಿದ್ದರೆ, ಯಾವ ಹೋಲಿಕೆಗೂ ಕೂರದೆ 108ಕ್ಕೆ ಕರೆ ಮಾಡಿ. ಆಗ ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್, ಅಲರ್ಜಿ ಮಾತ್ರೆ ಅದರ ಬದಲಿಗೆ ಆಗುವುದಿಲ್ಲ. ಮಾತು ಬಾರದ ಮಗು ಗಂಟಲು ಹಿಡಿದುಕೊಂಡರೆ, ಇದ್ದಕ್ಕಿದ್ದಂತೆ ಜೊಲ್ಲು ಸುರಿಸತೊಡಗಿದರೆ ಅದನ್ನೂ ಇದೇ ಲೆಕ್ಕದಲ್ಲಿ ನೋಡಿ.

ಬಟ್ಟೆ

ಹೊಸ ಹತ್ತಿ ಬಟ್ಟೆಯ ಮೇಲೆ ಗಂಜಿ ಮತ್ತು ಹೊಳಪಿನ ಲೇಪ ಇರುತ್ತವೆ. ಗೀರಿದರೆ ಏಳುವ ಚರ್ಮಕ್ಕೆ ಅದು ಮರಳುಕಾಗದ. ಅದೇ ಹತ್ತಿ ಹತ್ತಾರು ಸಲ ಒಗೆಸಿಕೊಂಡ ಮೇಲೆ ಬೇರೆಯೇ ಬಟ್ಟೆಯಾಗುತ್ತದೆ. ಆದ್ದರಿಂದ ಅಣ್ಣ, ಅಕ್ಕ ಅಥವಾ ದೊಡ್ಡಪ್ಪನ ಮಕ್ಕಳು ತೊಟ್ಟುಬಿಟ್ಟ ಅಂಗಿಯನ್ನು ಹಾಕಿಸಲು ಸಂಕೋಚ ಬೇಡ. ಈ ಒಂದು ವಿಷಯದಲ್ಲಿ ಖರ್ಚಿಲ್ಲದ ಆಯ್ಕೆಯೇ ಎಲ್ಲಕ್ಕಿಂತ ಒಳ್ಳೆಯದು. ಅದು ಸಿಗದಿದ್ದರೆ ಬನಿಯನ್ ಬಟ್ಟೆ, ಅಂದರೆ ಹೆಣಿಗೆಯ ಹತ್ತಿ, ಎರಡನೆಯ ಸ್ಥಾನದಲ್ಲಿ ನಿಲ್ಲುತ್ತದೆ. ಅದು ಮೈಯೊಂದಿಗೆ ಹಿಗ್ಗುತ್ತದೆ, ಮಡಿಕೆ ಬಿದ್ದು ಚುಚ್ಚುವುದಿಲ್ಲ, ಒಂದೇ ಕಂಪನಿಯದು ಒಂದೇ ಅಳತೆಯಲ್ಲಿ ವರ್ಷಗಟ್ಟಲೆ ಸಿಗುತ್ತದೆ. ಮಲ್ ಬಟ್ಟೆ ಇನ್ನೂ ಹಗುರ, ಆದರೆ ಬೆವರಿದಾಗ ಮೈಗೆ ಅಂಟಿಕೊಳ್ಳುವ ಅದರ ಗುಣ ಕೆಲವರಿಗೆ ಸಹಿಸಲಾಗದು. ಖಾದಿ ಗಾಳಿಯಾಡುತ್ತದೆ, ಆದರೆ ಮೊದಲ ತಿಂಗಳುಗಳ ಒರಟನ್ನು ದಾಟುವ ತಾಳ್ಮೆ ಬೇಕು.

ಪಾಲಿಯೆಸ್ಟರಿನ ಕ್ರೀಡಾ ಅಂಗಿಯನ್ನು ಎಲ್ಲರೂ ಒಂದೇ ಏಟಿಗೆ ತಳ್ಳಿಹಾಕುತ್ತಾರೆ. ನಾನು ಹಾಗೆ ಮಾಡಲಾರೆ. ಹತ್ತಿ ಬೆವರನ್ನು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ಒದ್ದೆ ಬಟ್ಟೆ ಮೈಗೆ ತಾಗುವುದನ್ನು ಒಂದು ನಿಮಿಷವೂ ತಡೆಯಲಾರದವರಿಗೆ ಬೇಗ ಒಣಗುವ, ನುಣುಪಾದ, ಚಪ್ಪಟೆ ಹೊಲಿಗೆಯ ಪಾಲಿಯೆಸ್ಟರ್ ಹೊರಗಿನ ಓಡಾಟದ ಎರಡು ಗಂಟೆಗಳಿಗೆ ಸರಿಯಾದ ಆಯ್ಕೆಯಾಗಬಹುದು. ಬೇಸಿಗೆಯ ಒಣ ಗಾಳಿಯಲ್ಲಿ ಹತ್ತಿಯೂ ಬೇಗ ಒಣಗುವುದರಿಂದ ಈ ಪ್ರಶ್ನೆ ಹೆಚ್ಚಾಗಿ ಏಳುವುದು ಆಗಸ್ಟ್, ಸೆಪ್ಟೆಂಬರಿನ ಜಿಗುಟು ದಿನಗಳಲ್ಲಿ. ಬೆವರಿನಿಂದ ಗಂಧೆ ಏಳುವವರು ಮಾತ್ರ ಪಾಲಿಯೆಸ್ಟರಿನಿಂದ ದೂರವಿರುವುದು ಒಳ್ಳೆಯದು, ಏಕೆಂದರೆ ಅದರೊಳಗೆ ಶಾಖ ಕಟ್ಟುತ್ತದೆ. ಬಿದಿರಿನದು ಎಂದು ಮಾರುವ ಬಟ್ಟೆ ಬಹುಪಾಲು ವಿಸ್ಕೋಸ್, ಅಂದರೆ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ಎಳೆದ ನೂಲಿನದು. ಅದು ತಂಪು, ನುಣುಪು, ಆದರೆ ದುಬಾರಿ, ಮತ್ತು ಆನ್‌ಲೈನಿನಲ್ಲಿ ಒಂದು ಸಲ ಸಿಕ್ಕದ್ದು ಮತ್ತೆ ಸಿಗುತ್ತದೆ ಎಂಬ ಭರವಸೆ ಇಲ್ಲ. ಮೂರನೆಯ ಅಳತೆಯಲ್ಲಿ ಅದು ಸೋಲುತ್ತದೆ.

ಜೀನ್ಸ್ ಹೊಲಿಯುವುದರಲ್ಲಿ ಬಳ್ಳಾರಿಗೆ ದೊಡ್ಡ ಹೆಸರಿದೆ, ಅಲ್ಲಿನ ಹುಡುಗರಿಗೆ ಜೀನ್ಸ್ ಬಿಡಿ ಎನ್ನುವುದು ಕಷ್ಟ. ಆದರೆ ಒತ್ತಡದ ಗಂಧೆ ಇರುವವರಿಗೆ ಗಟ್ಟಿ ಸೊಂಟಪಟ್ಟಿ ಮತ್ತು ದಪ್ಪ ಹೊಲಿಗೆಯ ಜೀನ್ಸಿಗಿಂತ ಕೆಟ್ಟ ಆಯ್ಕೆ ಇಲ್ಲ. ತೊಡಲೇಬೇಕಾದರೆ ಹಿಗ್ಗುವ ನೂಲು ಬೆರೆಸಿದ, ತೆಳುವಾದ, ಒಂದು ಅಳತೆ ದೊಡ್ಡದನ್ನು ಆರಿಸಿ, ಒಳಗೆ ಬನಿಯನ್ನನ್ನು ಸೊಂಟದ ಕೆಳಗಿನವರೆಗೆ ಇಳಿಬಿಡಿ. ಹೊಕ್ಕುಳ ಕೆಳಗಿನ ಲೋಹದ ಗುಂಡಿ ತಾಗುವ ಜಾಗದಲ್ಲಿ ಮಾತ್ರ ವಾರಗಟ್ಟಲೆ ಕಪ್ಪಾಗಿ ಕೆರೆಯುತ್ತಿದ್ದರೆ ಅದು ಗಂಧೆಯಲ್ಲ, ನಿಕಲ್ ಅಲರ್ಜಿ ಇರಬಹುದು. ಗುಂಡಿಯ ಹಿಂಬದಿಗೆ ಬಟ್ಟೆಯ ತುಂಡು ಹೊಲಿಸಿದರೆ ಸಾಕಾಗುತ್ತದೆ.

ಇನ್ನು ನಮ್ಮಲ್ಲಿ ಅನೇಕರನ್ನು ಇಕ್ಕಟ್ಟಿಗೆ ಸಿಕ್ಕಿಸುವ ಸಂಗತಿಗೆ ಬರುತ್ತೇನೆ. ಬಿಗಿಯಾಗಿ ಅಪ್ಪಿಕೊಳ್ಳುವ ಒತ್ತಡ ಆಟಿಸಂ ಇರುವ ಎಷ್ಟೋ ಜನರಿಗೆ ಸಮಾಧಾನ ಕೊಡುತ್ತದೆ. ಅದಕ್ಕಾಗಿಯೇ ಭಾರದ ಹೊದಿಕೆಗಳನ್ನು ಮಾರುತ್ತಾರೆ. ಗಂಧೆಯ ಚರ್ಮಕ್ಕೆ ಅದೇ ಒತ್ತಡ ಬೇಡ. ಮನಸ್ಸು ಕೇಳುವುದನ್ನು ಪೂರ್ತಿ ಕಿತ್ತುಕೊಂಡರೆ ಗಾಬರಿ ಹೆಚ್ಚಾಗಿ ಗಂಧೆಯೂ ಹೆಚ್ಚಬಹುದು, ಆದ್ದರಿಂದ ಒತ್ತಡವನ್ನು ಬಿಡಿಸುವ ಬದಲು ಅದನ್ನು ಅಗಲವಾಗಿ ಹರಡುವ ದಾರಿ ಹುಡುಕಬೇಕು. ಭಾರದ ಹೊದಿಕೆಗೆ ಸಾವಿರಾರು ರೂಪಾಯಿ ಬೇಕು, ಹಲವುದರ ಹೊರಬಟ್ಟೆ ಪಾಲಿಯೆಸ್ಟರ್, ನಮ್ಮ ಸೆಕೆಗೆ ಅದು ಆಗದು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಸೇರಿಸಿ ಕೈಯಿಂದ ಹೊಲಿದ ನಮ್ಮ ಕೌದಿಗೆ ಭಾರವೂ ಇದೆ, ಸವೆದ ಹತ್ತಿಯ ಮೆತ್ತಗಿನ ಮೈಯೂ ಇದೆ, ಮತ್ತು ಅದು ಮೈಯ ಮೇಲೆ ಎಲ್ಲ ಕಡೆ ಒಂದೇ ಸಮನಾಗಿ ಕೂರುತ್ತದೆ. ಚಳಿಗಾಲ, ಮಳೆಗಾಲಗಳಲ್ಲಿ ಅದನ್ನೇ ಬಳಸಿ. ಬೇಸಿಗೆಯಲ್ಲಿ ಅದನ್ನು ಮಡಚಿ ಕಾಲುಗಳ ಮೇಲಷ್ಟೇ ಹಾಕಿಕೊಳ್ಳಬಹುದು, ಇಲ್ಲವೇ ಹತ್ತಿ ಚೀಲದಲ್ಲಿ ಎರಡು ಕಿಲೋ ಜೋಳ ತುಂಬಿ ಬಾಯಿ ಹೊಲಿದು ತೊಡೆಯ ಮೇಲೆ ಇಟ್ಟುಕೊಳ್ಳಬಹುದು. ಒತ್ತಡದ ಗಂಧೆ ಇರುವವರು ಮೊದಲ ದಿನ ಸ್ವಲ್ಪ ಹೊತ್ತು ಮಾತ್ರ ಇಟ್ಟುಕೊಂಡು, ಆರೇಳು ಗಂಟೆಗಳ ನಂತರ ಅಲ್ಲಿ ಊತ ಬಂದಿದೆಯೇ ಎಂದು ನೋಡಿದ ಮೇಲೆ ಮುಂದುವರಿಯಬೇಕು.

ಹೊಲಿಸುವುದಾದರೆ ದರ್ಜಿಯ ಹತ್ತಿರ ಸುಮ್ಮನೆ ‘ಸಡಿಲ ಇರಲಿ’ ಎಂದರೆ ಸಾಲದು. ‘ಅಣ್ಣಾರ, ಹೊಲಿಗಿ ಹೊರಗ ಬರಂಗ ಹಾಕ್ರಿ, ಒಳಗ ಓವರ್‌ಲಾಕ್ ಮಾಡಬ್ಯಾಡ್ರಿ, ಕಾಲರ್ ಬ್ಯಾಡ’ ಎಂದು ಬಿಡಿಸಿ ಹೇಳಬೇಕು. ನಾನು ಹೊಲಿಸುವ ಅಂಗಿಗಳೆಲ್ಲ ಹೀಗೆಯೇ. ಮೊದಲ ಸಲ ವಿಚಿತ್ರವಾಗಿ ನೋಡುವ ದರ್ಜಿ ಎರಡನೆಯ ಸಲ ತಾನೇ ಕೇಳುತ್ತಾನೆ. ಕೊಂಡ ಅಂಗಿಯ ಕತ್ತಿನ ಲೇಬಲ್ಲನ್ನು ಕತ್ತರಿಯಿಂದ ಕತ್ತರಿಸಿದರೆ ಉಳಿಯುವ ಅಂಚು ಇನ್ನೂ ಹೆಚ್ಚು ಚುಚ್ಚುತ್ತದೆ, ಅದನ್ನು ಹೊಲಿಗೆಯ ದಾರ ಬಿಚ್ಚಿಯೇ ತೆಗೆಯಬೇಕು.

ಒಗೆತ ಮತ್ತು ಸ್ನಾನ

ನಮ್ಮ ಕಡೆ ಬೋರಿನ ನೀರು ಅನೇಕ ಊರುಗಳಲ್ಲಿ ಸವಳು. ಅದರಲ್ಲಿ ಒಗೆದು ಉರಿಬಿಸಿಲಿಗೆ ಹಾಕಿದ ಬನಿಯನ್ನು ಸೆಟೆದು ನಿಲ್ಲುತ್ತದೆ. ಒಗೆಯುವ ಸಾಬೂನಿನ ಬಿಲ್ಲೆಯನ್ನು ನೇರವಾಗಿ ಉಜ್ಜಿದರೆ ಗಡಸು ನೀರಿನಲ್ಲಿ ಅದು ಪೂರ್ತಿ ಬಿಡುವುದಿಲ್ಲ, ಪುಡಿಯನ್ನು ಚೆನ್ನಾಗಿ ಕರಗಿಸಿಕೊಳ್ಳಬೇಕು, ದ್ರವರೂಪದ್ದು ಸುಲಭವಾಗಿ ಬಿಡುತ್ತದೆ ಆದರೆ ಬೆಲೆ ಹೆಚ್ಚು. ಹಣ ಉಳಿಸಬೇಕೆಂದರೆ ಪುಡಿಯನ್ನೇ ಅರ್ಧಕ್ಕೆ ಇಳಿಸಿ, ಮೈಗೆ ತಾಗುವ ಒಳಬಟ್ಟೆ, ಹಾಸಿಗೆಯ ಹೊದಿಕೆಗಳನ್ನು ಇನ್ನೊಂದು ಸಲ ಜಾಲಿಸಿ, ಸಾಧ್ಯವಾದರೆ ಕೊನೆಯ ಜಾಲಿಗೆ ನಳದ ಸಿಹಿನೀರು ಬಳಸಿ, ನೆರಳಿನಲ್ಲಿ ಒಣಗಿಸಿ, ಮಡಚುವ ಮುನ್ನ ಬಟ್ಟೆಯನ್ನು ಕೈಯಲ್ಲಿ ಹಿಂಡಿ ಕೊಡವಿ. ಪರಿಮಳದ ಕಂಡಿಷನರ್ ಬಟ್ಟೆಯನ್ನು ಮೆತ್ತಗೆ ಮಾಡುವುದು ನಿಜ. ಅದರ ವಾಸನೆ ಮೂರು ದಿನ ಮೂಗಿನಲ್ಲಿ ಉಳಿಯುವುದೂ ನಿಜ. ಹಾಗಾಗಿ ನನ್ನ ಮತ ಅದಕ್ಕಿಲ್ಲ.

ಸಾಮಾನ್ಯ ಮೈಸಾಬೂನು ಕ್ಷಾರೀಯ. ಆಮ್ಲ, ಕ್ಷಾರಗಳನ್ನು ಅಳೆಯುವ ಪಿಎಚ್ ಅದರಲ್ಲಿ 9ರಿಂದ 10ರ ಆಸುಪಾಸಿನಲ್ಲಿ ಇರುತ್ತದೆ, ಆರೋಗ್ಯವಂತ ಚರ್ಮದ್ದು 5ರ ಹತ್ತಿರ. ಗಡಸು ನೀರಿನೊಂದಿಗೆ ಸೇರಿ ಅದು ಮೈಮೇಲೆ ಬಿಳಿ ಪದರ ಬಿಡುತ್ತದೆ. ಸಿಂಡೆಟ್ ಎನ್ನಿಸಿಕೊಂಡ, ಸಾಬೂನಿನ ಬದಲು ಸೌಮ್ಯ ಮಾರ್ಜಕಗಳಿಂದ ಮಾಡಿದ, ಔಷಧಿ ಅಂಗಡಿಯಲ್ಲಿ ಸಿಗುವ ಬಿಲ್ಲೆಗಳು ಹಾಗೆ ಮಾಡುವುದಿಲ್ಲ, ಆದರೆ ಬೆಲೆ ಹಲವು ಪಟ್ಟು. ಕಂಕುಳು, ತೊಡೆಸಂದಿ, ಪಾದಗಳಿಗೆ ಮಾತ್ರ ಬಳಸಿ ಉಳಿದ ಮೈಗೆ ಬರಿಯ ನೀರು ಹಾಕಿದರೆ ಒಂದು ಬಿಲ್ಲೆ ಬಹಳ ದಿನ ಬರುತ್ತದೆ. ಕಡಲೆಹಿಟ್ಟು ಅಗ್ಗ, ವಾಸನೆಯೂ ಕಡಿಮೆ, ಆದರೆ ಅದನ್ನು ತಿಕ್ಕಿ ತೆಗೆಯಬೇಕಾದ್ದರಿಂದ ಗೀರಿದರೆ ಏಳುವವರಿಗೆ ಬೇಡ. ಶವರಿನ ಹನಿಗಳು ಸೂಜಿಯಂತೆ ಚುಚ್ಚುತ್ತವೆ ಎನ್ನುವವರಿಗೆ ಬಕೆಟ್ಟು, ಚೊಂಬೇ ಸರಿ. ನೀರು ಎಲ್ಲಿ, ಯಾವಾಗ ಬೀಳುತ್ತದೆ ಎಂಬುದು ನಿಮ್ಮ ಕೈಯಲ್ಲೇ ಇರುತ್ತದೆ. ನೀರು ಉಗುರುಬೆಚ್ಚಗಿರಲಿ.

ಫ್ಯಾನು, ಕೂಲರ್, ಏಸಿ

ಬೆವರಿನ ಗಂಧೆ ಇರುವವರಿಗೆ ಕೋಣೆಯ ತಂಪು ಎಂಬುದು ಔಷಧಿಯಷ್ಟೇ ಮುಖ್ಯ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ನಮ್ಮ ಗಾಳಿ ಒಣಗಾಳಿ. ನೀರು ಆವಿಯಾಗಿಸಿ ತಂಪು ಕೊಡುವ ಕೂಲರ್ ಇಂಥ ಹವೆಯಲ್ಲಿಯೇ ಚೆನ್ನಾಗಿ ಕೆಲಸ ಮಾಡುತ್ತದೆ. ಏಸಿಯ ವಿದ್ಯುತ್ ಖರ್ಚಿನ ಸಣ್ಣ ಪಾಲಿನಲ್ಲಿ ಅದು ನಡೆಯುತ್ತದೆ. ಆದರೆ ಅದರ ಮೊರೆತ, ಒದ್ದೆ ಹುಲ್ಲಿನ ವಾಸನೆ, ಮುಖಕ್ಕೆ ನೇರವಾಗಿ ಹೊಡೆಯುವ ಗಾಳಿ, ಈ ಮೂರನ್ನೂ ತೂಗಬೇಕು. ಕೂಲರನ್ನು ಕಿಟಕಿಯ ಹೊರಗೆ ಇಟ್ಟು ಗಾಳಿಯನ್ನು ಗೋಡೆಯ ಕಡೆಗೆ ತಿರುಗಿಸಿದರೆ ಶಬ್ದವೂ ಹೊಡೆತವೂ ತಗ್ಗುತ್ತವೆ. ಹುಲ್ಲಿನ ಬದಲು ಜೇನುಗೂಡಿನಂಥ ಪ್ಯಾಡ್ ಹಾಕಿಸಿ, ನೀರನ್ನು ದಿನವೂ ಬದಲಿಸಿದರೆ ವಾಸನೆ ಬಹಳ ಮಟ್ಟಿಗೆ ಹೋಗುತ್ತದೆ. ಮಳೆಗಾಲ ಬಂದ ಮೇಲೆ ಕೂಲರ್ ಕೋಣೆಯನ್ನು ಜಿಗುಟು ಮಾಡುತ್ತದೆ, ಆಗ ಅದನ್ನು ನಿಲ್ಲಿಸಬೇಕು.

ಏಸಿಯ ಶಬ್ದ ಏಕಸಮನಾಗಿರುವುದರಿಂದ ಕೆಲವರಿಗೆ ಅದು ಹಿತ. ಅದು ಚರ್ಮವನ್ನು ಒಣಗಿಸುತ್ತದೆ, ತಂಪಿನ ಗಂಧೆ ಇರುವವರಿಗೆ ಅಪಾಯ, ಕರೆಂಟು ಹೋದರೆ ಹಠಾತ್ತನೆ ಕೋಣೆ ಕಾಯುತ್ತದೆ. ಕೊಳ್ಳುವುದಾದರೆ ಇಡೀ ಮನೆಗೆ ಬೇಡ, ಆ ವ್ಯಕ್ತಿ ಮಲಗುವ ಸಣ್ಣ ಕೋಣೆಯೊಂದಕ್ಕೆ ಸಾಕು, 26ರಿಂದ 28 ಡಿಗ್ರಿಗೆ ಇಟ್ಟು ಮೇಲೆ ಫ್ಯಾನ್ ನಿಧಾನವಾಗಿ ತಿರುಗಲಿ. ಇವೆರಡಕ್ಕೂ ಹಣವಿಲ್ಲದವರು ಹಳೆಯ ಫ್ಯಾನನ್ನು ಬಿಎಲ್‌ಡಿಸಿ ಫ್ಯಾನಿಗೆ ಬದಲಿಸುವುದು ಒಳ್ಳೆಯದು. ಹಳೆಯದು 75 ವ್ಯಾಟಿನಷ್ಟು ಎಳೆದರೆ ಇದು 30ರ ಆಸುಪಾಸು, ಗುಂಯ್‌ಗುಡುವುದಿಲ್ಲ, ಇನ್ವರ್ಟರ್ ಮೇಲೆ ಎರಡು ಪಟ್ಟು ಹೊತ್ತು ಓಡುತ್ತದೆ. ಕಲ್ಲುಹಾಸಿನ ನೆಲವನ್ನು ಒರೆಸಿ ಅದರ ಮೇಲೆ ಹತ್ತಿಯ ದುಪ್ಪಟಿ ಹಾಸಿ ಮಲಗುವುದು ಅದಕ್ಕೆ ಜೊತೆಯಾಗಬಹುದು.

ಮೈಗೆ ಹಚ್ಚುವುದು

ಇಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಹಚ್ಚುವ ಯಾವುದೂ ಗಂಧೆಯನ್ನು ತಡೆಯುವುದಿಲ್ಲ, ಸ್ವಲ್ಪ ಹೊತ್ತು ಹಿತ ಕೊಡುತ್ತದೆ ಅಷ್ಟೆ. ಕ್ಯಾಲಮೈನ್ ತಂಪು ಕೊಡುತ್ತದೆ, ಆದರೆ ಒಣಗಿದ ಪುಡಿಯ ಪದರವನ್ನು ತಾಳಲಾರದವರು ಅದರ ಬದಲು ಒದ್ದೆ ಬಟ್ಟೆಯನ್ನು ಒತ್ತಿ ಹಿಡಿಯಬಹುದು, ತಂಪಿನ ಗಂಧೆ ಇಲ್ಲದಿದ್ದರೆ ಮಾತ್ರ. ಒಣಚರ್ಮಕ್ಕೆ ಪರಿಮಳವಿಲ್ಲದ ಲೋಶನ್ ಒಳ್ಳೆಯದು. ಜಿಡ್ಡು ಸಹಿಸುವವರಿಗೆ ಬಿಳಿ ಪೆಟ್ರೋಲಿಯಂ ಜೆಲ್ಲಿ ಅಗ್ಗ. ದೊಡ್ಡಪತ್ರೆಯ ರಸ ಹಚ್ಚುವುದು, ಕಂಬಳಿಯಿಂದ ಮೈ ಉಜ್ಜುವುದು ಹಿರಿಯರ ರೂಢಿ. ದೊಡ್ಡಪತ್ರೆಯ ಕಟುವಾಸನೆ ಒಗ್ಗುವವರು ಮೊದಲು ಮುಂಗೈಯ ಸ್ವಲ್ಪ ಜಾಗಕ್ಕೆ ಹಚ್ಚಿ ನೋಡಲಿ. ಕಂಬಳಿಯಿಂದ ಉಜ್ಜುವುದು ಮಾತ್ರ ಬೇಡವೇ ಬೇಡ, ಉಜ್ಜಾಟದಿಂದಲೇ ಏಳುವ ಗಂಧೆಗೆ ಅದು ಇನ್ನಷ್ಟು ಏಳು ಎಂದು ಹೇಳಿದಂತೆ. ಔಷಧಿ ಅಂಗಡಿಯವರು ಕೊಡುವ ಸ್ಟೆರಾಯ್ಡ್ ಬೆರೆತ ಮುಲಾಮು ಗಂಧೆಗೆ ಪ್ರಯೋಜನವಿಲ್ಲ, ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ.

ಮಾತ್ರೆ

ಅವಿಲ್, ಸಿಪಿಎಂ (ಕ್ಲೋರ್‌ಫೆನಿರಮಿನ್), ಹೈಡ್ರಾಕ್ಸಿಜಿನ್ ಹಳೆಯ ಪೀಳಿಗೆಯ ಅಲರ್ಜಿ ಮಾತ್ರೆಗಳು. ಇವು ನಿದ್ದೆ ತರಿಸುತ್ತವೆ, ಮರುದಿನದ ಬೆಳಿಗ್ಗೆಯನ್ನೂ ಮಂಕು ಮಾಡುತ್ತವೆ, ಕೆಲವು ಮಕ್ಕಳಲ್ಲಿ ಇದಕ್ಕೆ ವಿರುದ್ಧವಾಗಿ ಚಡಪಡಿಕೆ ಹುಟ್ಟಿಸುತ್ತವೆ. ‘ತುರಿಕೆಯೂ ನಿಲ್ಲುತ್ತದೆ, ನಿದ್ದೆಯೂ ಬರುತ್ತದೆ’ ಎಂದು ಇವನ್ನು ಮೆಚ್ಚುವ ಮನೆಗಳಿವೆ. ಆದರೆ ಆಟಿಸಂ ಇರುವ ಎಷ್ಟೋ ಜನ ಸಿಡಿಮಿಡಿ ತಗ್ಗಿಸಲು ಕೊಡುವ ರಿಸ್ಪೆರಿಡೋನ್‌ನಂಥ ಔಷಧಿಯನ್ನು ಆಗಲೇ ತೆಗೆದುಕೊಳ್ಳುತ್ತಿರುತ್ತಾರೆ, ಮಂಕು ಎರಡರದ್ದೂ ಸೇರುತ್ತದೆ. ಹೈಡ್ರಾಕ್ಸಿಜಿನ್ ಹೃದಯದ ಲಯದ ಮೇಲೂ ಪರಿಣಾಮ ಮಾಡಬಲ್ಲದು. ಯಾವ ಅಲರ್ಜಿ ಮಾತ್ರೆ ಶುರು ಮಾಡುವ ಮುನ್ನವೂ ಈಗಿರುವ ಎಲ್ಲ ಮಾತ್ರೆಗಳ ಹೆಸರನ್ನು ವೈದ್ಯರಿಗೆ ತೋರಿಸಿ.

ಎರಡನೆಯ ಪೀಳಿಗೆಯ ಸೆಟ್ರಿಜಿನ್, ಲಿವೋಸೆಟ್ರಿಜಿನ್, ಫೆಕ್ಸೋಫೆನಡಿನ್, ಬಿಲಾಸ್ಟಿನ್ ಇವುಗಳಲ್ಲಿಯೇ ಆರಿಸಿಕೊಳ್ಳಬೇಕು. ಸೆಟ್ರಿಜಿನ್, ಲಿವೋಸೆಟ್ರಿಜಿನ್ ತೀರ ಅಗ್ಗ, ಎಲ್ಲ ಕಡೆ ಸಿಗುತ್ತವೆ, ಗುಳಿಗೆ ಸಣ್ಣದು, ಸಿರಪ್ಪೂ ಇದೆ. ಕೆಲವರಿಗೆ ಇವುಗಳಿಂದಲೂ ತೂಕಡಿಕೆ ಬರುತ್ತದೆ, ಬಾಯಲ್ಲಿ ಕರಗಿದರೆ ಕಹಿ. ಫೆಕ್ಸೋಫೆನಡಿನ್ ತೂಕಡಿಕೆ ತರುವುದು ಬಹಳ ಕಡಿಮೆ, ಆದರೆ ಗುಳಿಗೆ ದೊಡ್ಡದು, ಮತ್ತು ಹಣ್ಣಿನ ರಸದೊಂದಿಗೆ ನುಂಗಿದರೆ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಮಾತ್ರೆಯನ್ನು ರಸದಲ್ಲಿ ಬೆರೆಸಿ ಕೊಡುವ ತಾಯಂದಿರು ಇದನ್ನು ಗಮನಿಸಬೇಕು. ಬಿಲಾಸ್ಟಿನ್ ಕೂಡ ಮಂಕು ಮಾಡುವುದು ಕಡಿಮೆ, ಆದರೆ ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆಯ ನಂತರ ಬರಿಯ ಹೊಟ್ಟೆಗೆ ಬೇಕು. ದಿನಚರಿ ಗಡಿಯಾರದಂತೆ ನಡೆಯುವ ವಯಸ್ಕರಿಗೆ ಅದು ಸುಲಭ, ಹಸಿವಾದಾಗ ಉಣ್ಣುವ ಮಗುವಿಗೆ ಕಷ್ಟ. ಜನೌಷಧಿ ಕೇಂದ್ರದಲ್ಲಿ ಬೆಲೆ ಕಡಿಮೆ, ಆದರೆ ತಯಾರಕರು ಬದಲಾದಾಗ ಗುಳಿಗೆಯ ಬಣ್ಣ, ಆಕಾರ ಬದಲಾಗಬಹುದು. ಬಣ್ಣ ಬದಲಾದರೆ ನುಂಗದವರಿಗಾಗಿ ಮೂರು ತಿಂಗಳದ್ದನ್ನು ಒಮ್ಮೆಲೇ ತರಿಸಿಟ್ಟುಕೊಳ್ಳಿ.

ಗಂಧೆ ಎದ್ದಾಗ ನುಂಗುವುದೋ ದಿನವೂ ನುಂಗುವುದೋ ಎಂಬುದಕ್ಕೆ ದೀರ್ಘಕಾಲದ ಗಂಧೆಯಲ್ಲಿ ವೈದ್ಯರ ಮಾರ್ಗಸೂಚಿಗಳು ದಿನವೂ ಎನ್ನುತ್ತವೆ. ನಮಗಂತೂ ಅದೇ ಸರಿ, ಏಕೆಂದರೆ ‘ತುರಿಕೆ ಬಂದಾಗ’ ಎಂಬ ನಿಯಮ ತುರಿಕೆಯನ್ನು ಹೊತ್ತಿಗೆ ಸರಿಯಾಗಿ ಗುರುತಿಸಬಲ್ಲವರಿಗೆ ಮಾತ್ರ ನಡೆಯುತ್ತದೆ. ಸಾಮಾನ್ಯ ಪ್ರಮಾಣದಿಂದ ಎರಡರಿಂದ ನಾಲ್ಕು ವಾರಗಳಲ್ಲಿ ಹತೋಟಿಗೆ ಬರದಿದ್ದರೆ ವೈದ್ಯರು ಅದನ್ನು ನಾಲ್ಕು ಪಟ್ಟಿನವರೆಗೂ ಏರಿಸಬಹುದು. ನೀವಾಗಿಯೇ ಏರಿಸಬೇಡಿ. ಅದರಾಚೆಗೆ 12 ವರ್ಷ ಮೇಲ್ಪಟ್ಟವರಿಗೆ ನಾಲ್ಕು ವಾರಕ್ಕೊಮ್ಮೆ ಚುಚ್ಚುವ ಒಮಾಲಿಜುಮ್ಯಾಬ್ ಇದೆ. ಅದು ಬಹಳ ದುಬಾರಿ, ಆದರೆ ದಿನದ ಮಾತ್ರೆಗಿಂತ ತಿಂಗಳಿಗೊಮ್ಮೆಯ ಸೂಜಿಯೇ ವಾಸಿ ಎನ್ನುವವರೂ ಇದ್ದಾರೆ. ಪ್ರತಿ ಸಲ ಗಂಧೆ ಎದ್ದಾಗ ಹತ್ತಿರದ ಕ್ಲಿನಿಕ್ಕಿನಲ್ಲಿ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡು ಬರುವುದು ಬೇಗ ಆರಾಮ ಕೊಡುತ್ತದೆ. ತಿಂಗಳು ತಿಂಗಳೂ ಅದೇ ನಡೆದರೆ ಮೂಳೆ, ಸಕ್ಕರೆ, ತೂಕ ಎಲ್ಲವೂ ಕೆಡುತ್ತವೆ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗಿದ ದಿನ ಗಂಧೆ ಹೆಚ್ಚಾಗುತ್ತದೆಯೇ ಎಂಬುದನ್ನೂ ಗಮನಿಸಿ.

ಊಟ ಬಿಡಿಸುವ ಮುನ್ನ

ಬದನೆಕಾಯಿ ನಂಜು, ಶೇಂಗಾ ಪಿತ್ತ ಎಂದು ಒಂದೊಂದನ್ನೇ ಬಿಡಿಸುತ್ತ ಹೋಗುವುದು ನಮ್ಮಲ್ಲಿ ಸಾಮಾನ್ಯ. ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ), ಮೊಸರು ಈ ಮೂರನ್ನು ಬಿಟ್ಟು ಬೇರೇನೂ ಮುಟ್ಟದ ಮಗುವಿನಿಂದ ಹಿಂಡಿ ಕಿತ್ತುಕೊಂಡರೆ ಉಳಿಯುವುದೇನು? ತಿಂಗಳುಗಟ್ಟಲೆ ಏಳುವ ಗಂಧೆಗೆ ಆಹಾರದ ಅಲರ್ಜಿ ಕಾರಣವಾಗಿರುವುದು ಅಪರೂಪ. ಆಹಾರದ ಅಲರ್ಜಿ ಹೆಚ್ಚಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ, ಪ್ರತಿ ಸಲವೂ ಕಾಣಿಸಿಕೊಳ್ಳುತ್ತದೆ. ಹಾಗೆ ಆಗುತ್ತಿದ್ದರೆ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಿರಿ. ಇಲ್ಲವಾದರೆ ತಟ್ಟೆಗೆ ಕೈ ಹಾಕಬೇಡಿ.

ಯಾರ ಬಳಿ, ಎಷ್ಟು ಖರ್ಚಿನಲ್ಲಿ

ಮೂರೂ ಜಿಲ್ಲಾಕೇಂದ್ರಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಖರ್ಚು ಕಡಿಮೆ, ಆದರೆ ಸರದಿ ಉದ್ದ, ಗದ್ದಲ ಹೆಚ್ಚು. ಖಾಸಗಿ ಚರ್ಮವೈದ್ಯರಲ್ಲಿ ಹೊತ್ತು ಗೊತ್ತುಮಾಡಿಕೊಂಡು ಹೋಗಬಹುದು. ಮೊದಲ ಭೇಟಿಗೆ ಖಾಸಗಿ, ಮುಂದಿನ ಔಷಧಿಗೆ ಸರ್ಕಾರಿ ಎಂಬ ಜೋಡಣೆ ಹಲವರಿಗೆ ಹೊಂದುತ್ತದೆ. ಮನೆಯಿಂದ ಹೊರಡುವುದೇ ಕಷ್ಟವಿದ್ದವರಿಗೆ ಸರ್ಕಾರದ ಇ-ಸಂಜೀವಿನಿ ದೂರವೈದ್ಯ ಸೇವೆ ಉಚಿತ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ. ಅಂಗವಿಕಲತೆಯ ಪ್ರಮಾಣಪತ್ರ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು. ಅದರಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆ ಇದೆ.

ವೈದ್ಯರ ಎದುರು ಕೂತಾಗ ಗಂಧೆ ಅಡಗಿರುತ್ತದೆ, ನಮ್ಮಲ್ಲಿ ಕೆಲವರಿಗೆ ಮಾತೂ ಅಡಗುತ್ತದೆ. ಆದ್ದರಿಂದ ಫೋನಿನಲ್ಲಿ ಹೊತ್ತಿನೊಂದಿಗೆ ಚಿತ್ರ ತೆಗೆದಿಡಿ. ವೈದ್ಯರು ದಿನದ ದದ್ದುಗಳಿಗೆ ಸೊನ್ನೆಯಿಂದ ಮೂರು ಅಂಕ, ತುರಿಕೆಗೂ ಅಷ್ಟೇ ಅಂಕ ಕೊಟ್ಟು ಏಳು ದಿನ ಕೂಡಿಸುತ್ತಾರೆ. 20ಕ್ಕಿಂತ ಕಡಿಮೆ ದದ್ದಿಗೆ ಒಂದು, 50ರವರೆಗೆ ಎರಡು, ಅದಕ್ಕೂ ಮೇಲಾದರೆ ಮೂರು. ತುರಿಕೆಯ ಅಂಕ ಹೇಳಲಾಗದವರಿಗೆ ಆ ಜಾಗದಲ್ಲಿ ರಾತ್ರಿ ಎಷ್ಟು ಸಲ ಎದ್ದರು, ಉಗುರಿನ ಗೀರು ಎಲ್ಲೆಲ್ಲಿವೆ ಎಂದು ಬರೆದುಕೊಂಡು ಹೋಗಿ. ಜೊತೆಗೆ ಒಂದು ಚೀಟಿ ಇರಲಿ: ‘ನನಗೆ ಆಟಿಸಂ ಇದೆ. ಮುಟ್ಟುವ ಮುನ್ನ ದಯವಿಟ್ಟು ಹೇಳಿ. ಉತ್ತರಕ್ಕೆ ನನಗೆ ಸ್ವಲ್ಪ ಹೊತ್ತು ಬೇಕು. ಬರೆದು ಕೇಳಿದರೆ ಬೇಗ ಉತ್ತರಿಸುತ್ತೇನೆ.’

ಕೈಯಲ್ಲಿ ಐನೂರು ರೂಪಾಯಿ ಮಾತ್ರ ಇದ್ದರೆ ಅದನ್ನು ಬನಿಯನ್ನಿಗೂ ಜನೌಷಧಿಯ ಮಾತ್ರೆಗೂ ಖರ್ಚು ಮಾಡಿ, ಉಳಿದದ್ದನ್ನು ಹಳೆಯ ಬಟ್ಟೆ ಮತ್ತು ಎರಡನೆಯ ಜಾಲಿನಿಂದ ಸಾಧಿಸಿ. ಮೂರು, ನಾಲ್ಕು ಸಾವಿರ ಇದ್ದರೆ ಮೊದಲು ಚರ್ಮವೈದ್ಯರ ಭೇಟಿ, ಆಮೇಲೆ ಫ್ಯಾನು. ಅದಕ್ಕಿಂತ ಹೆಚ್ಚಿದ್ದರೆ ಬೆವರಿನ ಗಂಧೆಯವರು ಕೂಲರಿಗೆ, ಗೀರಿದರೆ ಏಳುವವರು ಮತ್ತು ಒತ್ತಡದವರು ಹೊಲಿಸಿದ ಬಟ್ಟೆಗೆ ಹಾಕಲಿ. ಎಷ್ಟೇ ಹಣವಿದ್ದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಎರಡು ವಾರ ನೋಡಿ, ನಂತರ ಮುಂದಿನದಕ್ಕೆ ಹೋಗಿ. ಅಂಗಿ, ಸಾಬೂನು, ಮಾತ್ರೆ ಮೂರನ್ನೂ ಒಂದೇ ವಾರ ಬದಲಿಸಿದರೆ ಯಾವುದು ಹಿತವಾಯಿತು, ಯಾವುದು ಅಹಿತವಾಯಿತು ಎಂದು ಆ ವ್ಯಕ್ತಿಗೂ ನಿಮಗೂ ಗೊತ್ತಾಗುವುದಿಲ್ಲ.